ಹೊಣೆಯಷ್ಟೇ ಇದ್ದು ಹಿಡಿತವಿಲ್ಲದ ಕುರ್ಚಿ

ಫಲಿತಾಂಶ ಪ್ರಕಟವಾಗುವ ವಾರ ಯಾವುದೇ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಹೋಗಿ ನೋಡಿ. ಅಂಕಪಟ್ಟಿಯಲ್ಲಿ ಹೆಸರು ತಪ್ಪಾಗಿದೆ ಎಂದು ಬಂದ ವಿದ್ಯಾರ್ಥಿ, ಆಂತರಿಕ ಅಂಕ ಕಳಿಸದ ಕಾಲೇಜು, ಮರುಮೌಲ್ಯಮಾಪನದ ಅರ್ಜಿಗಳು, ತೆರೆದುಕೊಳ್ಳದ ಪೋರ್ಟಲ್. ಎಲ್ಲಕ್ಕೂ ಉತ್ತರ ಹೇಳಬೇಕಾದವರು ಮೌಲ್ಯಮಾಪನ ಕುಲಸಚಿವರು ಮತ್ತು ಅವರ ಸಿಬ್ಬಂದಿ. ಕರ್ನಾಟಕದಲ್ಲಿ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಪದವಿ ತರಗತಿಗಳು ಶುರುವಾದವು. 2024ರಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಒಂದೊಂದು ಬ್ಯಾಚಿಗೆ ಒಂದೊಂದು ನಿಯಮ. ತೀರ್ಮಾನವಾಗುವುದು ಎಲ್ಲೋ, ಗಡುವು ಬೀಳುವುದು ಇವರ ಮೇಜಿನ ಮೇಲೆ.

ಇಂಥ ಒತ್ತಡ ವರ್ಷಗಟ್ಟಲೆ ಮುಂದುವರಿದರೆ ಬರುವ ಸ್ಥಿತಿಯೇ ಬರ್ನ್‌ಔಟ್. 1974ರಲ್ಲಿ ಇದನ್ನು ವಿವರಿಸಿದವರು ನ್ಯೂಯಾರ್ಕಿನ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜ್ಯಾಕ್ಸನ್ 1981ರಲ್ಲಿ ಇದನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದರು. ಲಕ್ಷಣಗಳು ಮೂರು: ಮನಸ್ಸು ಪೂರ್ತಿ ಬಸವಳಿಯುವುದು, ಎದುರಿಗಿರುವವರ ಬಗ್ಗೆ ಕಾಳಜಿ ಬತ್ತುವುದು, ತನ್ನ ಕೆಲಸದಿಂದ ಏನೂ ಆಗುತ್ತಿಲ್ಲ ಎನಿಸುವುದು. ಕಿಟಕಿಯಾಚೆ ನಿಂತ ಹುಡುಗಿ ಬರೀ ನೋಂದಣಿ ಸಂಖ್ಯೆಯಾಗಿ ಕಾಣತೊಡಗಿದರೆ, ಅದು ಎರಡನೆಯ ಲಕ್ಷಣ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು ಕಾಯಿಲೆ ಎನ್ನದೆ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ಪರಿಗಣಿಸಿತು.

ದೇಹವೂ ಇದಕ್ಕೆ ಬೆಲೆ ತೆರುತ್ತದೆ. ಒತ್ತಡ ಎದುರಾದಾಗ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಸ್ರವಿಸುತ್ತದೆ. ಸಾಮಾನ್ಯವಾಗಿ ಇದು ಬೆಳಗ್ಗೆ ಏರಿ ರಾತ್ರಿಗೆ ಇಳಿಯುತ್ತದೆ. ಒತ್ತಡಕ್ಕೆ ಬಿಡುವೇ ಇಲ್ಲದಿದ್ದರೆ ಈ ಲಯ ಏರುಪೇರಾಗಬಹುದು. ನಿದ್ದೆ ಕೆಡುತ್ತದೆ, ರಕ್ತದೊತ್ತಡ ಏರುತ್ತದೆ.

ಹಾಗಾದರೆ ಹೆಚ್ಚು ಕೆಲಸವೇ ಅಪಾಯವೇ? 1979ರಲ್ಲಿ ಸಂಶೋಧಕ ರಾಬರ್ಟ್ ಕರಾಸೆಕ್ ಮಂಡಿಸಿದ ವಾದ ಬೇರೆ: ಕೆಲಸದ ಬೇಡಿಕೆ ಹೆಚ್ಚಿದ್ದು, ಅದರ ಮೇಲೆ ನಮಗೆ ಹಿಡಿತ ಕಡಿಮೆಯಿದ್ದರೆ ಹಾನಿ ಹೆಚ್ಚು. ಲಂಡನ್ನಿನ ಹತ್ತು ಸಾವಿರಕ್ಕೂ ಹೆಚ್ಚು ಸರ್ಕಾರಿ ನೌಕರರ ಮೇಲೆ 1985ರಲ್ಲಿ ಶುರುವಾದ ಎರಡನೆಯ ವೈಟ್‌ಹಾಲ್ ಅಧ್ಯಯನದಲ್ಲೂ, ಕೆಲಸದ ಮೇಲೆ ಹಿಡಿತ ಕಡಿಮೆಯಿದ್ದವರಲ್ಲಿ ಹೃದ್ರೋಗ ಹೆಚ್ಚು ಕಂಡುಬಂತು.

ಆದ್ದರಿಂದ ವರ್ಷಕ್ಕೊಂದು ಯೋಗ ಶಿಬಿರ ನಡೆಸಿ ಕೈತೊಳೆದುಕೊಂಡರೆ ಸಾಲದು. ವೇಳಾಪಟ್ಟಿ ನಿಗದಿ ಮಾಡುವ ಮೊದಲು ಪರೀಕ್ಷಾ ವಿಭಾಗವನ್ನು ಕೇಳಬೇಕು. ಖಾಲಿ ಹುದ್ದೆ ತುಂಬಬೇಕು. ಸಣ್ಣ ತಿದ್ದುಪಡಿಗಳಿಗೆ ಸಹಿ ಹಾಕುವ ಅಧಿಕಾರ ಕೆಳಹಂತದ ಅಧಿಕಾರಿಗೂ ಸಿಗಬೇಕು. ರಜೆಯ ದಿನ ವಾಟ್ಸ್‌ಆ್ಯಪಿನಲ್ಲಿ ಆದೇಶ ಬರುವುದು ನಿಲ್ಲಬೇಕು. ಅಂಕಪಟ್ಟಿ ಸಕಾಲಕ್ಕೆ, ತಪ್ಪಿಲ್ಲದೆ ವಿದ್ಯಾರ್ಥಿಯ ಕೈಸೇರಬೇಕಾದರೆ ಅದನ್ನು ಸಿದ್ಧಪಡಿಸುವವರಿಗೆ ತಮ್ಮ ಕೆಲಸದ ಬಗ್ಗೆ ಮಾತಾಡುವ ಹಕ್ಕು ಇರಲೇಬೇಕು.