ಅಶ್ವತ್ಥದ ಎಲೆಗೆ ಹತ್ತಕ್ಕೆ ಹತ್ತು

ಬೀದರದಿಂದ ಔರಾದಿನತ್ತ ಸಾಗುವ ರಸ್ತೆಯಲ್ಲಿ ಸಿಗುವ ಹೋಬಳಿಯ ಊರು ಜನವಾಡ. ನಾಡಿನ ಎಲ್ಲ ಶಾಲೆಗಳಿಗೆ ಬರುವಂತೆ ಇಲ್ಲಿಯ ಮಕ್ಕಳಿಗೂ ವರ್ಷಕ್ಕೊಮ್ಮೆ ‘ಪ್ರತಿಭಾ ಕಾರಂಜಿ’ ಬರುತ್ತದೆ. ಹಾಡು, ಭಾಷಣ, ಕಂಠಪಾಠಗಳ ಗದ್ದಲದ ನಡುವೆ ಚಿತ್ರಕಲೆಯ ಸ್ಪರ್ಧೆ ಒಂದು ಮೂಲೆಯಲ್ಲಿ ಸದ್ದಿಲ್ಲದೆ ನಡೆದುಹೋಗುತ್ತದೆ. ಕ್ಲಸ್ಟರಿನಲ್ಲಿ ಗೆದ್ದ ಮಗು ತಾಲೂಕಿಗೆ, ಅಲ್ಲಿಯೂ ಗೆದ್ದರೆ ಜಿಲ್ಲೆಗೆ. ಹೀಗೆ ಬಣ್ಣದ ಪೆಟ್ಟಿಗೆಯನ್ನು ಎದೆಗವಚಿಕೊಂಡು ಬೀದರದ ಬಸ್ಸು ಹತ್ತುತ್ತದೆ. ಪ್ರಶಸ್ತಿಪತ್ರ ಮನೆಗೆ ಬಂದ ದಿನ ತಾಯಿತಂದೆಗಳ ಹಿಗ್ಗು ಹೇಳತೀರದು. ಆದರೆ ಹತ್ತನೆಯ ತರಗತಿ ಸಮೀಪಿಸಿತೆಂದರೆ ಅದೇ ಮನೆಯಲ್ಲಿ ‘ಇನ್ನು ಗೀಚಾಟ ಸಾಕು, ಪುಸ್ತಕ ಹಿಡಿ’ ಎಂಬ ಮಾತು ಏಳುತ್ತದೆ. ಪ್ರಶಸ್ತಿಪತ್ರ ಟ್ರಂಕಿನ ತಳ ಸೇರುತ್ತದೆ.

ಒಂದು ದಿನದ ಗೆಲುವಿಗೆ ಬಾಳಿನ ದಾರಿಯನ್ನೇ ತಿರುಗಿಸುವ ಶಕ್ತಿ ಉಂಟೆ? ಕನ್ನಡ ನಾಡಿನಲ್ಲಿ ಈ ಪ್ರಶ್ನೆಗೆ ದೊರೆಯುವ ಸೊಗಸಾದ ಉತ್ತರ ಮೈಸೂರಿನ ಒಂದು ತರಗತಿಯಲ್ಲಿದೆ. ಅಲ್ಲಿ ಪದಕವೂ ಇರಲಿಲ್ಲ, ತೀರ್ಪುಗಾರರ ಮಂಡಲಿಯೂ ಇರಲಿಲ್ಲ.

ಉಪಾಧ್ಯಾಯರು ಮಕ್ಕಳಿಗೆಲ್ಲ ಒಂದು ಎಲೆಯ ಚಿತ್ರ ಬರೆಯಲು ಹೇಳಿದ್ದರು. ಒಬ್ಬ ಬಾಲಕ ಅಶ್ವತ್ಥದ ಎಲೆಯನ್ನು ಬರೆದು ತೋರಿಸಿದ. ಅದನ್ನು ಅವನೇ ಬರೆದದ್ದೇ ಎಂದು ಗುರುಗಳು ಕೇಳಿದಾಗ ಎಲ್ಲಿ ಪೆಟ್ಟು ಬೀಳುವುದೋ ಎಂದು ಹುಡುಗ ಅಂಜಿದನಂತೆ. ಪೆಟ್ಟಿನ ಬದಲು ದೊರೆತದ್ದು ಇಡೀ ತರಗತಿಯ ಮುಂದೆ ಮೆಚ್ಚುಗೆ, ಹತ್ತಕ್ಕೆ ಹತ್ತು ಅಂಕ, ಜೊತೆಗೆ ಮುಂದೊಂದು ದಿನ ಅವನು ಚಿತ್ರಕಾರನಾಗುವನೆಂಬ ಭವಿಷ್ಯವಾಣಿ. ಆ ಬಾಲಕನೇ ಆರ್. ಕೆ. ಲಕ್ಷ್ಮಣ್ (1921–2015). ಅಂದಿನಿಂದ ಅವರು ತಮ್ಮನ್ನು ಚಿತ್ರಕಾರನೆಂದೇ ಎಣಿಸತೊಡಗಿದರು. ‘ದಿ ಹಿಂದೂ’ ಪತ್ರಿಕೆಯಲ್ಲಿ ಬರುತ್ತಿದ್ದ ಡೇವಿಡ್ ಲೋ ಅವರ ವ್ಯಂಗ್ಯಚಿತ್ರಗಳು ಅವರ ಪಾಠಪುಸ್ತಕಗಳಾದವು. ಲೋ ಎಂಬ ರುಜುವನ್ನು ಬಹುಕಾಲ ‘ಕೌ’ ಎಂದೇ ಓದಿಕೊಂಡಿದ್ದರೆಂಬುದು ಬೇರೆ ಮಾತು!

ಮುಂದೆ ಮುಂಬಯಿಯ ಜೆ. ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ, ಪ್ರವೇಶಕ್ಕೆ ತಕ್ಕ ಪ್ರತಿಭೆ ಚಿತ್ರಗಳಲ್ಲಿ ಕಾಣದೆಂಬ ಉತ್ತರ ಬಂತು. ಬೇರೊಬ್ಬನಾಗಿದ್ದರೆ ಅಲ್ಲಿಗೆ ಕುಂಚವನ್ನು ಕೆಳಗಿಡುತ್ತಿದ್ದನೇನೋ. ಲಕ್ಷ್ಮಣ್ ಮೈಸೂರಿನಲ್ಲಿಯೇ ಬಿ.ಎ. ಓದಿದರು, ‘ಕೊರವಂಜಿ’ಗೆ ಚಿತ್ರ ಬರೆದರು, ಅಣ್ಣ ನಾರಾಯಣರ ಕಥೆಗಳಿಗೆ ರೇಖೆ ಕೂಡಿಸಿದರು. 1951ರಲ್ಲಿ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ‘ಯೂ ಸೆಡ್ ಇಟ್’ ಆರಂಭವಾಯಿತು. ಅರ್ಜಿಯನ್ನು ತಿರಸ್ಕರಿಸಿದ ಅದೇ ಶಾಲೆ ವರ್ಷಗಳ ತರುವಾಯ ಅವರನ್ನು ಅತಿಥಿಯಾಗಿ ಕರೆಯಿತು. ದೊಡ್ಡ ಸಂಸ್ಥೆಯ ಪತ್ರಕ್ಕಿಂತ ಶಾಲಾ ಉಪಾಧ್ಯಾಯರೊಬ್ಬರ ಒಂದು ಮಾತು ಹೆಚ್ಚು ಬಾಳಿತು.

ಮಕ್ಕಳ ಚಿತ್ರಕ್ಕೆ ಇಂಥ ಗಮನ ದೇಶದ ಮಟ್ಟದಲ್ಲಿ ದೊರಕಲೆಂದು ಹೊರಟವರು ಇನ್ನೊಬ್ಬ ವ್ಯಂಗ್ಯಚಿತ್ರಕಾರ, ಕೇಶವ ಶಂಕರ ಪಿಳ್ಳೆ. 1949ರಲ್ಲಿ ತಮ್ಮ ‘ಶಂಕರ್ಸ್ ವೀಕ್ಲಿ’ಯ ಮೂಲಕ ಅವರು ಮಕ್ಕಳ ಸ್ಪರ್ಧೆಯನ್ನು ಆರಂಭಿಸಿದರು. ಅದೇ ವರ್ಷದ ಮಕ್ಕಳ ಸಂಚಿಕೆಗೆ ನೆಹರೂ ಒಂದು ಪತ್ರವನ್ನು ಬರೆದುಕೊಟ್ಟರು. ಮರುವರ್ಷ ಸ್ಪರ್ಧೆಯ ಬಾಗಿಲು ಹೊರನಾಡುಗಳ ಮಕ್ಕಳಿಗೂ ತೆರೆಯಿತು. ದಿಲ್ಲಿಗೆ ಹೋಗಲಾರದ ಮಗು ಅಂಚೆಯಲ್ಲಿ ಚಿತ್ರ ಕಳಿಸಬಹುದಾಗಿತ್ತು. ಆಯ್ದವು ಅಚ್ಚಾಗುತ್ತಿದ್ದವು. ಬೆಳ್ಳಿಬಂಗಾರದ ಪದಕಗಳಿಗಿಂತ ಈ ಅಚ್ಚೇ ಹೆಚ್ಚಿನದು ಎನ್ನಬೇಕು, ಏಕೆಂದರೆ ಅಲ್ಲಿ ಹೆಸರಿನೊಡನೆ ಚಿತ್ರವನ್ನೂ ಜನ ನೋಡುತ್ತಿದ್ದರು.

ಜನವಾಡದ ಮಗು ಸ್ಪರ್ಧೆಗೆಂದು ಬಂದಿಳಿಯುವ ಬೀದರದಲ್ಲಿಯೇ ಇನ್ನೊಂದು ಬಗೆಯ ಚಿತ್ರಶಾಲೆಯಿದೆ: ಬಿದರಿ ಕೆಲಸದ ಕಾರ್ಖಾನೆ. ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಗೆ ಮೈಲುತುತ್ತದ ನೀರು ಬಳಿದು ಕಪ್ಪಾಗಿಸಿ, ಅದರ ಮೇಲೆ ಮೊನಚಾದ ಉಳಿಯಿಂದ ಕೈಯಳತೆಯಲ್ಲಿಯೇ ಹೂಬಳ್ಳಿ ಬಿಡಿಸುತ್ತಾರೆ. ಬೆಳ್ಳಿ ಕೂರುವುದು ಆ ಗೆರೆಯಲ್ಲಿಯೇ. 2023ರಲ್ಲಿ ಪದ್ಮಶ್ರೀ ಪಡೆದ ಶಾಹ್ ರಶೀದ್ ಅಹಮದ್ ಖಾದ್ರಿ ಈ ವಿದ್ಯೆಯನ್ನು ಕಲಿತದ್ದು ತಂದೆಯವರಿಂದ. ಇಂಥ ಮನೆಯಲ್ಲಿ ಗೆರೆ ಸೊಟ್ಟಾದರೆ ಏಕೆ ಸೊಟ್ಟಾಯಿತೆಂದು ಹೇಳಲು ಹಿರಿಯರೊಬ್ಬರು ಪಕ್ಕದಲ್ಲಿಯೇ ಇರುತ್ತಾರೆ.

ಸ್ಪರ್ಧೆಯ ಕೊಠಡಿಯಲ್ಲಿ ಆ ಪುರುಸೊತ್ತು ಎಲ್ಲಿಯದು? ಮೂರನೆಯ ಸ್ಥಾನ ಬಂದ ಮಗುವಿಗೆ ಮೊದಲನೆಯ ಚಿತ್ರ ತನ್ನದಕ್ಕಿಂತ ಹೇಗೆ ಮೇಲೆಂಬುದನ್ನು ಹೇಳುವವರು ಅಪರೂಪ. ಸಂಜೆ ಊರಿಗೆ ಮರಳುವ ಬಸ್ಸಿನಲ್ಲಿ ಅದರ ಕೈಯಲ್ಲಿ ಪ್ರಶಸ್ತಿಪತ್ರವಿರುತ್ತದೆ. ಚಿತ್ರ ಎಷ್ಟೋ ಸಲ ತೀರ್ಪುಗಾರರ ಮೇಜಿನ ಮೇಲೆಯೇ ಉಳಿದುಬಿಟ್ಟಿರುತ್ತದೆ.