ಮೊದಲ ಸುತ್ತಿನ ಠುಸ್ ಪಟಾಕಿಗಳು

1998ರ ಸೆಪ್ಟೆಂಬರ್ 20. ಕ್ಯಾನ್ಸಸ್ ಸಿಟಿಯಲ್ಲಿ ಮಳೆ. ಅಮೆರಿಕನ್ ಫುಟ್‌ಬಾಲಿನ ಸ್ಯಾನ್ ಡಿಯೆಗೊ ಚಾರ್ಜರ್ಸ್ ತಂಡದಲ್ಲಿ ಚೆಂಡು ಎಸೆಯುವ ಹೊಣೆ ಹೊತ್ತ 22 ವರ್ಷದ ಕ್ವಾರ್ಟರ್‌ಬ್ಯಾಕ್ ರಯಾನ್ ಲೀಫ್ ಆ ದಿನ 15 ಸಲ ಚೆಂಡು ಎಸೆದ. ತನ್ನವರ ಕೈ ಸೇರಿದ್ದು ಒಂದೇ ಒಂದು. ಅದರಿಂದ ತಂಡ ಮುಂದೆ ಸಾಗಿದ್ದು ನಾಲ್ಕು ಗಜ. ಎರಡು ಎಸೆತ ನೇರವಾಗಿ ಎದುರಾಳಿಗಳ ಪಾಲಾದವು. ಸಾಲದ್ದಕ್ಕೆ ಕೈಯಲ್ಲಿದ್ದ ಚೆಂಡೂ ಜಾರಿ ಬಿತ್ತು. ಮರುದಿನ ಡ್ರೆಸ್ಸಿಂಗ್ ರೂಮಿನಲ್ಲಿ ಆತ ಒಬ್ಬ ವರದಿಗಾರನ ಮೇಲೆ ಕೂಗಾಡಿದ, ಕ್ಯಾಮೆರಾ ಓಡುತ್ತಲೇ ಇತ್ತು. ಆ ತುಣುಕನ್ನು ಅಮೆರಿಕದ ಟಿವಿ ವರ್ಷಗಟ್ಟಲೆ ತೋರಿಸಿತು.

ಐದು ತಿಂಗಳ ಹಿಂದಷ್ಟೇ ಇದೇ ಲೀಫ್‌ಗಾಗಿ ಚಾರ್ಜರ್ಸ್ ಮುಗಿಬಿದ್ದಿತ್ತು. ಆ ವರ್ಷ ಕಾಲೇಜಿನಿಂದ ಬಂದವರಲ್ಲಿ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳ ಹೆಸರು ಎಲ್ಲರ ಬಾಯಲ್ಲಿತ್ತು: ಟೆನೆಸಿಯ ಪೇಟನ್ ಮ್ಯಾನಿಂಗ್, ವಾಷಿಂಗ್ಟನ್ ಸ್ಟೇಟ್‌ನ ಲೀಫ್. ಯಾರು ಮೇಲು ಎಂದು ಪಂಡಿತರು ತಿಂಗಳುಗಟ್ಟಲೆ ಕಿತ್ತಾಡಿದರು. ಲೀಫ್ ತೋಳಿನ ಬಲವೇ ಹೆಚ್ಚು, ಮ್ಯಾನಿಂಗ್ ಇಷ್ಟರಲ್ಲೇ ತನ್ನ ಎತ್ತರ ಮುಟ್ಟಿಬಿಟ್ಟಿದ್ದಾನೆ ಎಂದವರೂ ಕಡಿಮೆಯಿರಲಿಲ್ಲ. ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವ ಡ್ರಾಫ್ಟಿನಲ್ಲಿ ಮೊದಲ ಸರದಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡದ್ದು. ಅದು ಮ್ಯಾನಿಂಗ್‌ನನ್ನು ಆರಿಸಿತು. ಮೂರನೇ ಸರದಿಯಲ್ಲಿದ್ದ ಚಾರ್ಜರ್ಸ್, ಬರೀ ಒಂದು ಮೆಟ್ಟಿಲು ಮೇಲೇರಲು ಅರಿಜೋನಾ ತಂಡಕ್ಕೆ ಮುಂದಿನ ವರ್ಷದ ಮೊದಲ ಸುತ್ತಿನ ಆಯ್ಕೆ, ಆ ವರ್ಷದ ಎರಡನೇ ಸುತ್ತಿನ ಆಯ್ಕೆ, ಜೊತೆಗೆ ಇಬ್ಬರು ಆಟಗಾರರನ್ನು ಕೊಟ್ಟಿತು. ಲೀಫ್‌ಗೆ ಸಹಿ ಹಾಕಿದ್ದಕ್ಕೇ 1.125 ಕೋಟಿ ಡಾಲರ್ ಬೋನಸ್.

ಮೂರು ವರ್ಷದಲ್ಲಿ ಚಾರ್ಜರ್ಸ್ ಆತನನ್ನು ಕೈಬಿಟ್ಟಿತು. ಟ್ಯಾಂಪಾ, ಡಲಾಸ್, ಸಿಯಾಟಲ್ ಸುತ್ತಿ 2002ರಲ್ಲಿ ಲೀಫ್ ಆಟವನ್ನೇ ಬಿಟ್ಟ. ಒಟ್ಟು ಲೆಕ್ಕ: 14 ಟಚ್‌ಡೌನ್, 36 ಇಂಟರ್‌ಸೆಪ್ಷನ್ (ಎದುರಾಳಿಗಳ ಪಾಲಾದ ಎಸೆತ), ಮೊದಲಿನಿಂದ ಆಡಿದ 21 ಪಂದ್ಯಗಳಲ್ಲಿ ನಾಲ್ಕು ಗೆಲುವು. ಆಮೇಲೆ ನೋವು ನಿವಾರಕ ಮಾತ್ರೆಗಳ ಚಟ, ಕಳ್ಳತನದ ಆರೋಪ, ಮೊಂಟಾನಾದ ಜೈಲು. 2014ರ ಕೊನೆಯಲ್ಲಿ ಹೊರಬಂದ ಮೇಲೆ ಚಟದಿಂದ ಬಿಡಿಸಿಕೊಳ್ಳುವವರ ನಡುವೆ ಕೆಲಸ ಮಾಡಿದ, ಪಂದ್ಯಗಳ ವಿಶ್ಲೇಷಣೆಯನ್ನೂ ಮಾಡಿದ.

ಈ ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಸಂಗತಿಯಿದೆ. ಅದೇ 1998ರಲ್ಲಿ ಮ್ಯಾನಿಂಗ್ ಎದುರಾಳಿಗಳಿಗೆ ಕೊಟ್ಟ ಚೆಂಡುಗಳು 28. ಹೊಸಬನೊಬ್ಬನ ಮಟ್ಟಿಗೆ ಅದು ಇಂದಿಗೂ ದಾಖಲೆ. ಕೋಲ್ಟ್ಸ್ 16 ಪಂದ್ಯಗಳಲ್ಲಿ 13 ಸೋತಿತು. ಆದರೂ ತಂಡ ಆತನನ್ನು ಒಂದು ಪಂದ್ಯಕ್ಕೂ ಕೂರಿಸಲಿಲ್ಲ. ಮುಂದೆ ಐದು ಸಲ ಲೀಗಿನ ಶ್ರೇಷ್ಠ ಆಟಗಾರ, ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ಎರಡು ಗೆಲುವು. ಹಾಗೆಂದು ಲೀಫ್‌ಗೂ ಅಂಥ ತಾಳ್ಮೆ ಸಿಕ್ಕಿದ್ದರೆ ಮ್ಯಾನಿಂಗ್ ಆಗಿಬಿಡುತ್ತಿದ್ದ ಎನ್ನಲಾಗದು. ಅವನ ನಡತೆಯೂ ಅವನಿಗೆ ಶತ್ರುವಾಗಿತ್ತು. ಆದರೆ ಮೊದಲ ವರ್ಷದ ಅಂಕಿಯಷ್ಟನ್ನೇ ನೋಡಿ ಯಾರು ಪಟಾಕಿ, ಯಾರು ಠುಸ್ ಎಂದು ಹೇಳುವುದು ಅಷ್ಟೇನೂ ಸುಲಭವಿರಲಿಲ್ಲ.

ಐಪಿಎಲ್ ಹರಾಜು ನೋಡಿದವರಿಗೆ ಅಮೆರಿಕನ್ ಫುಟ್‌ಬಾಲಿನ ಡ್ರಾಫ್ಟ್ ತಿರುಗಾಮುರುಗಾ ಎನಿಸೀತು. ಹರಾಜಿನಲ್ಲಿ ದುಡ್ಡು ಬಿಚ್ಚಿದವನಿಗೆ ಆಟಗಾರ. ಇಲ್ಲಿ ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತವನಿಗೆ ಮೊದಲ ಸರದಿ, ಗೆದ್ದವನಿಗೆ ಕೊನೆಯದು. ಕಾಲೇಜಿನಿಂದ ಬಂದ ಹುಡುಗನಿಗೆ ಆಯ್ಕೆಯೇ ಇಲ್ಲ. ಯಾವ ತಂಡ ಹೆಸರು ಕೂಗಿತೋ ಅಲ್ಲಿಗೇ ಹೋಗಬೇಕು.

ಇದನ್ನು ಹುಟ್ಟುಹಾಕಿದವರು ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕ ಬರ್ಟ್ ಬೆಲ್.  ಮಿನ್ನೆಸೋಟದ ಸ್ಟಾನ್ ಕೋಸ್ಟ್‌ಕಾ ಎಂಬ ಆಟಗಾರನ ಬೆನ್ನು ಹತ್ತಿ, ಬೆಲೆ ಏರಿಸಿ ಏರಿಸಿ, ಕೊನೆಗೆ ಬ್ರೂಕ್ಲಿನ್ ತಂಡಕ್ಕೆ ಬಿಟ್ಟುಕೊಟ್ಟು ಬೆಲ್ ಸುಸ್ತಾಗಿದ್ದರು. ಬಲಿಷ್ಠರಿಗೇ ಬಲಿಷ್ಠರು ಸಿಗುತ್ತಾ ಹೋದರೆ ಲೀಗ್ ಉಳಿಯುವುದಿಲ್ಲ, ಸರದಿ ಹಚ್ಚೋಣ ಎಂದರು. ಮಾಲೀಕರು ಒಪ್ಪಿದರು. ಪೈಪೋಟಿ ನಿಂತರೆ ಸಂಬಳದ ಖರ್ಚೂ ಇಳಿಯುತ್ತದೆ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ.

1936ರ ಫೆಬ್ರುವರಿ 8ರಂದು ಫಿಲಡೆಲ್ಫಿಯಾದ ರಿಟ್ಜ್ ಕಾರ್ಲ್‌ಟನ್ ಹೋಟೆಲಿನಲ್ಲಿ ಮೊದಲ ಡ್ರಾಫ್ಟ್. ಸ್ಕೌಟ್‌ಗಳಿಲ್ಲ, ವರದಿಗಳಿಲ್ಲ. ಕರಿಹಲಗೆಯ ಮೇಲೆ 90 ಹೆಸರು ಬರೆದಿದ್ದರು, ಒಂಬತ್ತು ಸುತ್ತಿನಲ್ಲಿ 81 ಆಯ್ಕೆಯಾದವು. 1935ರಲ್ಲಿ 11 ಪಂದ್ಯಗಳಲ್ಲಿ ಒಂಬತ್ತು ಸೋತಿದ್ದ ಬೆಲ್ ಅವರದೇ ಮೊಟ್ಟಮೊದಲ ಆಯ್ಕೆ: ಶಿಕಾಗೊ ವಿಶ್ವವಿದ್ಯಾಲಯದ ಜೇ ಬರ್ವಾಂಗರ್, ಕಾಲೇಜು ಫುಟ್‌ಬಾಲಿನ ಅತಿ ದೊಡ್ಡ ಪ್ರಶಸ್ತಿ ಹೈಸ್‌ಮನ್ ಟ್ರೋಫಿಯನ್ನು ಮೊದಲು ಗೆದ್ದವನು. ಆತ ಕೇಳಿದ ಸಂಬಳ ಹೆಚ್ಚೆನಿಸಿ ಬೆಲ್ ಹಕ್ಕನ್ನು ಶಿಕಾಗೊ ಬೇರ್ಸ್ ತಂಡಕ್ಕೆ ದಾಟಿಸಿದರು. ಅಲ್ಲಿನ ಜಾರ್ಜ್ ಹಾಲಾಸ್ ಕೂಡ ಒಪ್ಪಲಿಲ್ಲ. ಬರ್ವಾಂಗರ್ ವೃತ್ತಿಪರ ಫುಟ್‌ಬಾಲ್ ಆಡಲೇ ಇಲ್ಲ. ಫೋಮ್ ರಬ್ಬರ್ ಮಾರುವ ಕೆಲಸ ಹಿಡಿದು, ಮುಂದೆ ಸ್ವಂತ ಕಾರ್ಖಾನೆ ಕಟ್ಟಿ ಚೆನ್ನಾಗಿಯೇ ಬಾಳಿದ. ಡ್ರಾಫ್ಟಿನ ಮೊದಲ ಆಯ್ಕೆಯೇ ಮೈದಾನಕ್ಕೆ ಇಳಿಯಲಿಲ್ಲ, ಆದರೂ ಆತನನ್ನು ಯಾರೂ ಆಡಿಕೊಳ್ಳಲಿಲ್ಲ. ಆಡಿಕೊಳ್ಳಲು ನೋಡುವವರು ಬೇಕಲ್ಲ!

ನೋಡುವವರು ಬಂದದ್ದು 1980ರಲ್ಲಿ. ಒಂದು ವರ್ಷವೂ ತುಂಬದ ಇಎಸ್‌ಪಿಎನ್ ಚಾನೆಲ್, ಡ್ರಾಫ್ಟನ್ನು ನೇರಪ್ರಸಾರ ಮಾಡುತ್ತೇವೆ ಎಂದು ಕೇಳಿದಾಗ ಲೀಗಿನ ಕಮಿಷನರ್ ಪೀಟ್ ರೋಜೆಲ್ ಅಚ್ಚರಿಪಟ್ಟಿದ್ದರು. ಹೋಟೆಲಿನಲ್ಲಿ ಕೂತು ಹೆಸರು ಓದುವುದನ್ನು ಯಾರು ನೋಡುತ್ತಾರೆ? ನೋಡಿದರು. 2024ರಲ್ಲಿ ಡೆಟ್ರಾಯಿಟ್‌ನಲ್ಲಿ ನಡೆದ ಮೂರು ದಿನದ ಡ್ರಾಫ್ಟಿಗೆ ಸೇರಿದ ಜನ ಏಳೂಮುಕ್ಕಾಲು ಲಕ್ಷ. ಲೀಗಿನಲ್ಲಿ ಒಂದೇ ಒಂದು ಪಂದ್ಯ ಆಡದ ಹುಡುಗ ಸೂಟು ಹಾಕಿ, ಅಪ್ಪ ಅಮ್ಮನನ್ನು ತಬ್ಬಿ, ತಂಡದ ಟೋಪಿ ಇಟ್ಟು ವೇದಿಕೆ ಹತ್ತುತ್ತಾನೆ. ಅಷ್ಟು ಜನರೆದುರು ಹತ್ತಿದವನು ಬಿದ್ದರೆ ಅದೂ ಅಷ್ಟೇ ಜನರೆದುರಿಗೆ.

ಹೀಗೆ ಬಿದ್ದವರಲ್ಲಿ ಟೋನಿ ಮ್ಯಾಂಡರಿಚ್ ಕಥೆ ಬೇರೆಯೇ ಬಗೆಯದು. ಕೆನಡಾದ ಓಕ್‌ವಿಲ್‌ನಲ್ಲಿ ಹುಟ್ಟಿ ಮಿಷಿಗನ್ ಸ್ಟೇಟ್‌ನಲ್ಲಿ ಆಡಿದ ಈತ, ಕ್ವಾರ್ಟರ್‌ಬ್ಯಾಕ್‌ಗೆ ಗೋಡೆಯಂತೆ ನಿಲ್ಲುವ ಟ್ಯಾಕಲ್. 300 ಪೌಂಡ್ ಮೀರಿದ ದೇಹ, ಓಟ ಮಾತ್ರ ಹಗುರ ಮೈಯವರದು. 1989ರ ಏಪ್ರಿಲ್‌ನಲ್ಲಿ ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಪತ್ರಿಕೆ ಅಂಗಿ ಬಿಚ್ಚಿ ನಿಂತ ಅವನ ಚಿತ್ರವನ್ನು ಮುಖಪುಟಕ್ಕೆ ಹಾಕಿತು. ಗ್ರೀನ್ ಬೇ ಪ್ಯಾಕರ್ಸ್ ಎರಡನೇ ಸರದಿಯಲ್ಲಿ ಅವನನ್ನು ಆರಿಸಿಕೊಂಡಿತು. ಆ ವರ್ಷದ ಮೊದಲ ಐವರ ಹೆಸರು ಕೇಳಿ: ಟ್ರಾಯ್ ಏಕ್‌ಮನ್, ಮ್ಯಾಂಡರಿಚ್, ಬ್ಯಾರಿ ಸ್ಯಾಂಡರ್ಸ್, ಡೆರಿಕ್ ಥಾಮಸ್, ಡಿಯಾನ್ ಸ್ಯಾಂಡರ್ಸ್. ನಾಲ್ವರು ಆಟದ ದಿಗ್ಗಜರಿಗೆ ಮೀಸಲಾದ ಹಾಲ್ ಆಫ್ ಫೇಮ್ ಸೇರಿದರು. ಗ್ರೀನ್ ಬೇ ಬೆರಳಿಟ್ಟದ್ದು ಉಳಿದೊಬ್ಬನ ಮೇಲೆ.

ಮೂರೂವರೆ ವರ್ಷ ಕಳೆಯುವಷ್ಟರಲ್ಲಿ ಅದೇ ಪತ್ರಿಕೆ ಅವನನ್ನು ಮತ್ತೆ ಮುಖಪುಟಕ್ಕೆ ಹಾಕಿತು, ಈ ಸಲ ವೈಫಲ್ಯದ ಮಾದರಿಯಾಗಿ. ಕಾರಣ ಪೂರ್ತಿ ಹೊರಬಿದ್ದದ್ದು 2008ರಲ್ಲಿ. ಕಾಲೇಜಿನಲ್ಲಿ ಸ್ಟೆರಾಯ್ಡ್ ತಗೊಳ್ಳುತ್ತಿದ್ದೆ, ಮೂತ್ರ ಪರೀಕ್ಷೆಗೆ ಬೇರೆಯವರ ಮೂತ್ರ ಕೊಟ್ಟು ಪಾರಾಗುತ್ತಿದ್ದೆ ಎಂದು ಆತ ತಾನೇ ಒಪ್ಪಿಕೊಂಡ. ಲೀಗಿನ ಪರೀಕ್ಷೆಗೆ ಹೆದರಿ ಅದನ್ನು ಬಿಟ್ಟಾಗ ದೇಹ ಕರಗಿತು. ಜೊತೆಗೆ ಕುಡಿತ, ನೋವಿನ ಮಾತ್ರೆ. ಗ್ರೀನ್ ಬೇ ಕೊಂಡದ್ದು ಔಷಧದ ಬಾಟಲಿಯನ್ನು, ಹುಡುಗ ಬರೀ ಹೊದಿಕೆ. ಆದರೆ ಮ್ಯಾಂಡರಿಚ್ ಚಟ ಬಿಟ್ಟು 1996ರಲ್ಲಿ ಮರಳಿ ಬಂದ, ಕೋಲ್ಟ್ಸ್ ಪರ ಮೂರು ವರ್ಷ ಮರ್ಯಾದೆಯಿಂದ ಆಡಿದ. ಆ ಮೂರನೇ ವರ್ಷ 1998, ಹೊಸಬ ಮ್ಯಾನಿಂಗ್ ಬಂದ ವರ್ಷ. ಹಳೆಯ ಠುಸ್ ಪಟಾಕಿಯೊಬ್ಬ ಭಾವಿ ದಂತಕಥೆಯ ತಂಡದಲ್ಲಿದ್ದ ಎಂಬುದು ಹೆಚ್ಚಿನವರಿಗೆ ನೆನಪೇ ಇಲ್ಲ.

ನಿರೀಕ್ಷೆಯ ಜೊತೆಗೆ ದುಡ್ಡೂ ಏರುತ್ತಿತ್ತು. 2007ರಲ್ಲಿ ಓಕ್‌ಲ್ಯಾಂಡ್ ರೈಡರ್ಸ್ ಮೊದಲ ಸರದಿಯಲ್ಲಿ ಎಲ್‌ಎಸ್‌ಯು ಕಾಲೇಜಿನ ಕ್ವಾರ್ಟರ್‌ಬ್ಯಾಕ್ ಜಮಾರ್ಕಸ್ ರಸೆಲ್‌ನನ್ನು ಆರಿಸಿತು. ದೂರದ ಎಸೆತ ಎಂದರೆ ಜೀವ ಬಿಡುತ್ತಿದ್ದ ಮಾಲೀಕ ಆಲ್ ಡೇವಿಸ್, ಅವನ ತೋಳು ನೋಡಿ ಮರುಳಾಗಿದ್ದರು. ಸಂಬಳದ ಚೌಕಾಸಿ ಮುಗಿಯದೆ ರಸೆಲ್ ತರಬೇತಿ ಶಿಬಿರವನ್ನೆಲ್ಲ ತಪ್ಪಿಸಿಕೊಂಡು, ಲೀಗ್ ಶುರುವಾದ ಮೇಲೆ ಸೆಪ್ಟೆಂಬರ್‌ನಲ್ಲಿ ಸಹಿ ಹಾಕಿದ. ಆರು ವರ್ಷಕ್ಕೆ ಸುಮಾರು 6.1 ಕೋಟಿ ಡಾಲರ್, ಅದರಲ್ಲಿ ಅರ್ಧಕ್ಕೂ ಹೆಚ್ಚು ಖಾತ್ರಿ ಹಣ. ಮೂರು ವರ್ಷ, ಮೊದಲಿನಿಂದ ಆಡಿದ್ದು 25 ಪಂದ್ಯ, ಗೆದ್ದದ್ದು ಏಳು. 2010ರ ಮೇ ತಿಂಗಳಲ್ಲಿ ತಂಡ ಬಾಗಿಲು ತೋರಿಸಿತು; ಮತ್ತೆ ಯಾವ ತಂಡದ ಪರವಾಗಿಯೂ ಆತ ಲೀಗಿನಲ್ಲಿ ಆಡಲಿಲ್ಲ. ಅವನ ನಂತರ ಆಯ್ಕೆಯಾದವರಲ್ಲಿ ಕ್ಯಾಲ್ವಿನ್ ಜಾನ್ಸನ್, ಜೋ ಥಾಮಸ್, ಪ್ಯಾಟ್ರಿಕ್ ವಿಲ್ಲಿಸ್, ಡಾರೆಲ್ ರೆವಿಸ್ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ.

ಲೀಗ್ ಎಚ್ಚೆತ್ತಿತು. 2010ರ ಮೊದಲ ಆಯ್ಕೆ ಸ್ಯಾಮ್ ಬ್ರ್ಯಾಡ್‌ಫರ್ಡ್ ಆರು ವರ್ಷಕ್ಕೆ 7.8 ಕೋಟಿ ಡಾಲರ್ ಒಪ್ಪಂದ ಪಡೆದಿದ್ದ. 2011ರಲ್ಲಿ ಆಟಗಾರರ ಸಂಘದೊಂದಿಗೆ ಆದ ಹೊಸ ಕರಾರು ಹೊಸಬರ ಸಂಬಳಕ್ಕೆ ಮಿತಿ ಹಾಕಿತು. ಆ ವರ್ಷದ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್‌ಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ 2.2 ಕೋಟಿ. ತಪ್ಪು ಆಯ್ಕೆಯ ಬೆಲೆ ಇಳಿಯಿತು. ತಪ್ಪು ಆರಿಸುವ ಚಾಳಿ ಇಳಿಯಲಿಲ್ಲ.

ಆ ಚಾಳಿಯನ್ನು ಅಳೆದು ನೋಡಿದವರು ಇಬ್ಬರು ವಿದ್ವಾಂಸರು, ಕೇಡ್ ಮ್ಯಾಸಿ ಮತ್ತು ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್. ತಂಡಗಳು ಸರದಿಗಳನ್ನು ಅದಲುಬದಲು ಮಾಡಲು ಒಂದು ಕೋಷ್ಟಕ ಬಳಸುತ್ತಿದ್ದವು. 1990ರ ದಶಕದ ಆರಂಭದಲ್ಲಿ ಡಲಾಸ್ ಕೌಬಾಯ್ಸ್ ಪಾಳಯದಲ್ಲಿ ಹುಟ್ಟಿದ ಆ ಕೋಷ್ಟಕದಲ್ಲಿ ಮೊದಲ ಸರದಿಗೆ 3000 ಅಂಕ, ಎರಡನೆಯದಕ್ಕೆ 2600. ಇಷ್ಟು ಕಡಿದಾದ ಬೆಲೆಗೆ ಆಧಾರವೇ ಇಲ್ಲ ಎಂದು ಇಬ್ಬರೂ ತೋರಿಸಿದರು. ಒಂದೇ ಸ್ಥಾನಕ್ಕೆ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು ಅವನ ಹಿಂದಿನವನಿಗಿಂತ ಮೇಲಾಗುವುದು ನೂರಕ್ಕೆ 52 ಸಲ ಮಾತ್ರ. ನಾಣ್ಯ ಚಿಮ್ಮಿದರೂ ಹೆಚ್ಚುಕಡಿಮೆ ಇಷ್ಟೇ. ಸಂಬಳಕ್ಕೆ ತಕ್ಕ ಆಟ ಹೆಚ್ಚು ಸಿಗುವುದು ಎರಡನೇ ಸುತ್ತಿನ ಆಸುಪಾಸಿನಲ್ಲಿ. ಹಾಗಾಗಿ ಮೇಲೇರಬೇಡಿ, ಕೆಳಗಿಳಿದು ಹೆಚ್ಚು ಆಯ್ಕೆ ಕೂಡಿಸಿ ಎಂಬುದು ಅವರ ಸಲಹೆ.

2017ರಲ್ಲಿ ನೊಬೆಲ್ ಪಡೆದ ಥೇಲರ್, ವಾಷಿಂಗ್ಟನ್ ತಂಡದ ಮಾಲೀಕ ಡ್ಯಾನ್ ಸ್ನೈಡರ್ ಈ ಮಾತನ್ನು ಆಸಕ್ತಿಯಿಂದ ಕೇಳಿ, ನಂತರ ಉಲ್ಟಾ ನಡೆದುಕೊಂಡದ್ದನ್ನು ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. 2012ರಲ್ಲಿ ಅದೇ ತಂಡ ಕ್ವಾರ್ಟರ್‌ಬ್ಯಾಕ್ ರಾಬರ್ಟ್ ಗ್ರಿಫಿನ್‌ಗಾಗಿ ರ‍್ಯಾಮ್ಸ್ ತಂಡಕ್ಕೆ ಮೂರು ಮೊದಲ ಸುತ್ತಿನ ಆಯ್ಕೆ, ಒಂದು ಎರಡನೇ ಸುತ್ತಿನದನ್ನು ಕೊಟ್ಟಿತು. ಗ್ರಿಫಿನ್ ಮೊದಲ ವರ್ಷ ಮಿಂಚಿದ. 2013ರ ಜನವರಿಯಲ್ಲಿ ಮಂಡಿಯ ಅಸ್ಥಿರಜ್ಜು ಹರಿಯಿತು, ಆಮೇಲೆ ಅವನು ಮೊದಲಿನವನಾಗಲಿಲ್ಲ. 2014ರ ಡಿಸೆಂಬರ್‌ನಲ್ಲಿ ಎರಡೂ ತಂಡ ಎದುರಾದಾಗ, ಟಾಸ್‌ಗೆ ರ‍್ಯಾಮ್ಸ್ ಆರು ಮಂದಿಯನ್ನು ಕಳಿಸಿತು. ಆರೂ ಜನ ಗ್ರಿಫಿನ್ ವ್ಯವಹಾರದಿಂದ ಬಂದವರು! ಪಂದ್ಯವನ್ನು ರ‍್ಯಾಮ್ಸ್ 24-0 ಗೆದ್ದಿತು.

ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ್ದು ಇನ್ನೂ ಸೊಗಸು. 2012ರಲ್ಲೇ ಒಂದು ಮೆಟ್ಟಿಲು ಏರಲು ಮೂರು ಆಯ್ಕೆ ತೆತ್ತು ಟ್ರೆಂಟ್ ರಿಚರ್ಡ್‌ಸನ್‌ನನ್ನು ತಂದಿತು, ಮರುವರ್ಷವೇ ಕೋಲ್ಟ್ಸ್‌ಗೆ ಮಾರಿ ಮೊದಲ ಸುತ್ತಿನ ಆಯ್ಕೆಯೊಂದನ್ನು ಗಿಟ್ಟಿಸಿತು. ಜಾಣತನ ಎಂದು ಎಲ್ಲರೂ ಹೊಗಳಿದರು. ಆ ಆಯ್ಕೆಯನ್ನು ದಾಟಿಸಿ ತಂದದ್ದು ಜಾನಿ ಮ್ಯಾನ್‌ಜಿಯಲ್‌ನನ್ನು. ಎರಡೇ ವರ್ಷದಲ್ಲಿ ಅವನೂ ಹೊರಗೆ.

ಎಲ್ಲರನ್ನೂ ಒಂದೇ ಪಟ್ಟಿಗೆ ಸೇರಿಸುವುದು ಅನ್ಯಾಯ. 1995ರ ಮೊದಲ ಆಯ್ಕೆ ಕಿ-ಜಾನಾ ಕಾರ್ಟರ್ ಅಭ್ಯಾಸ ಪಂದ್ಯದಲ್ಲಿ ಚೆಂಡು ಹಿಡಿದು ಓಡಿದ ಮೂರನೇ ಓಟದಲ್ಲೇ ಮಂಡಿ ಹರಿದುಕೊಂಡ. 2002ರ ಮೊದಲ ಆಯ್ಕೆ ಡೇವಿಡ್ ಕಾರ್, ಆಗಷ್ಟೇ ಹುಟ್ಟಿದ ಹ್ಯೂಸ್ಟನ್ ತಂಡದಲ್ಲಿ ಚೆಂಡು ಎಸೆಯುವ ಮುನ್ನವೇ 76 ಸಲ ನೆಲಕ್ಕೆ ಕೆಡವಿಸಿಕೊಂಡ. ಒಂದೇ ಋತುವಿನಲ್ಲಿ ಅಷ್ಟು ಏಟು ಬೇರಾರೂ ತಿಂದಿಲ್ಲ. ಮುಂದೆ ಕಾವಲೇ ಇಲ್ಲದೆ ನಿಲ್ಲಿಸಿದವರದೋ ತಪ್ಪು, ನಿಂತವನದೋ? 2018ರ ಡ್ರಾಫ್ಟಿನಲ್ಲಿ ಬಂದ ಬೇಕರ್ ಮೇಫೀಲ್ಡ್, ಸ್ಯಾಮ್ ಡಾರ್ನಾಲ್ಡ್ ಇಬ್ಬರನ್ನೂ ಮುಗಿದ ಕಥೆ ಎಂದು ತಂಡಗಳು ಕೈಬಿಟ್ಟಿದ್ದವು. 2024ರಲ್ಲಿ ಮೇಫೀಲ್ಡ್ ಟ್ಯಾಂಪಾ ಬೇ ಪರ 41 ಟಚ್‌ಡೌನ್ ಎಸೆದ, ಡಾರ್ನಾಲ್ಡ್ ಮಿನ್ನೆಸೋಟಕ್ಕೆ 14 ಗೆಲುವು ತಂದ. ಹುಡುಗರು ಅವರೇ, ಬದಲಾದದ್ದು ತಂಡ. ಇತ್ತ ಲೀಫ್‌ನನ್ನು ತಂದ ಚಾರ್ಜರ್ಸ್ ಜನರಲ್ ಮ್ಯಾನೇಜರ್ ಬಾಬಿ ಬೆಥಾರ್ಡ್, ಉಳಿದ ಸಾಧನೆಗಳ ಬಲದಿಂದ 2018ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಅರ್ಹರೇ, ಸಂಶಯವಿಲ್ಲ. ಆದರೆ ಒಂದು ತಪ್ಪು ಆರಿಸಿದವರ ಬದುಕಿನಲ್ಲಿ ಅಡಿಟಿಪ್ಪಣಿಯಾಗಿ, ಆಯ್ಕೆಯಾದವನ ಹಣೆಯ ಮೇಲೆ ತಲೆಬರಹವಾಗಿ ಉಳಿಯುತ್ತದೆ.

ಈಚಿನ ಒಂದು ಉದಾಹರಣೆ ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ತಂಡದ್ದು. 2021ರಲ್ಲಿ 12ನೇ ಸರದಿಯಿಂದ ಮೂರಕ್ಕೆ ಜಿಗಿಯಲು ಅದು ಮೂರು ವರ್ಷಗಳ ಮೊದಲ ಸುತ್ತಿನ ಆಯ್ಕೆಗಳನ್ನು ಸುರಿದು ಕ್ವಾರ್ಟರ್‌ಬ್ಯಾಕ್ ಟ್ರೇ ಲ್ಯಾನ್ಸ್‌ನನ್ನು ತಂದಿತು. ಕೊರೊನಾದಿಂದಾಗಿ ಆತ ಹಿಂದಿನ ವರ್ಷ ಕಾಲೇಜಿನಲ್ಲಿ ಆಡಿದ್ದು ಒಂದೇ ಪಂದ್ಯ. ಬಿಟ್ಟುಕೊಟ್ಟ 12ನೇ ಸರದಿ ಕೈಯಿಂದ ಕೈ ದಾಟಿ ಡಲಾಸ್ ಸೇರಿತು. ಅದರಲ್ಲಿ ಬಂದವನು ಮೈಕಾ ಪಾರ್ಸನ್ಸ್, ಈ ತಲೆಮಾರಿನ ದೊಡ್ಡ ರಕ್ಷಣಾ ಆಟಗಾರರಲ್ಲಿ ಒಬ್ಬ. ಲ್ಯಾನ್ಸ್ ಎರಡನೇ ವರ್ಷದ ಎರಡನೇ ವಾರದಲ್ಲೇ ಹಿಮ್ಮಡಿಗಂಟು ಮುರಿದುಕೊಂಡ. ಆ ವರ್ಷದ ಕೊನೆಗೆ ಮೈದಾನಕ್ಕೆ ಇಳಿಯಬೇಕಾಗಿ ಬಂದದ್ದು 2022ರ ಡ್ರಾಫ್ಟಿನ ಕಟ್ಟಕಡೆಯ, 262ನೇ ಆಯ್ಕೆ ಬ್ರಾಕ್ ಪರ್ಡಿ. ಆತ 2024ರ ಫೆಬ್ರುವರಿಯಲ್ಲಿ ತಂಡವನ್ನು ಸೂಪರ್ ಬೌಲ್ ತನಕ ಒಯ್ದ, 2025ರಲ್ಲಿ 26.5 ಕೋಟಿ ಡಾಲರ್ ಒಪ್ಪಂದಕ್ಕೆ ಸಹಿ ಹಾಕಿದ. ಲ್ಯಾನ್ಸ್‌ನನ್ನು 2023ರ ಆಗಸ್ಟ್‌ನಲ್ಲಿ ಡಲಾಸ್‌ಗೆ ಒಂದು ನಾಲ್ಕನೇ ಸುತ್ತಿನ ಆಯ್ಕೆಗೆ ಮಾರಲಾಯಿತು. ಅದಾಗಿ ಒಂದು ತಿಂಗಳೊಳಗೆ, ಅವನನ್ನು ಆರಿಸಿದ ಜನರಲ್ ಮ್ಯಾನೇಜರ್ ಜಾನ್ ಲಿಂಚ್ ಮತ್ತು ಕೋಚ್ ಕೈಲ್ ಶಾನಹಾನ್ ಇಬ್ಬರ ಒಪ್ಪಂದವನ್ನೂ ತಂಡ ವಿಸ್ತರಿಸಿತು.