ಎಲ್ಲವನ್ನೂ ಅವಳೊಬ್ಬಳೇ ಹೊರಬೇಕೇ?



ಬೆಳಿಗ್ಗೆ ಐದಕ್ಕೆ ಏಳಬೇಕು. ಗಂಜಿ ಬೇಯಿಸಿ, ಮಕ್ಕಳಿಗೆ ಬುತ್ತಿ ಕಟ್ಟಿ, ಹಾಸಿಗೆ ಹಿಡಿದ ಅತ್ತೆಯ ಮೈ ಒರೆಸಿ, ಬಟ್ಟೆ ಬದಲಿಸಿ, ಎಂಟು ಗಂಟೆಗೆ ಗೇರುಬೀಜದ ಕಾರ್ಖಾನೆ ಸೇರಬೇಕು. ನಡುವೆ ತವರಿನಿಂದ ಫೋನು: "ಅಮ್ಮನಿಗೆ ಸಕ್ಕರೆ ಕಾಯಿಲೆ ಜಾಸ್ತಿಯಾಗಿದೆ, ಒಮ್ಮೆ ಬಂದು ಹೋಗು." ರಜೆ ಹಾಕಿದರೆ ಆ ದಿನದ ಸಂಬಳವಿಲ್ಲ, ಸಂಘದ ಸಾಲದ ಕಂತಿಗೂ ತೊಂದರೆ. ಕೊನೆಗೆ "ಕೆಲಸವನ್ನೇ ಬಿಟ್ಟುಬಿಡ್ತೇನೆ" ಅನ್ನುತ್ತಾಳೆ. ನಮ್ಮ ಸಂಘಗಳಲ್ಲಿ ಇಂಥವರು ಒಬ್ಬಿಬ್ಬರಲ್ಲ. ಆದರೆ ಕೆಲಸ ಬಿಟ್ಟರೆ ಅತ್ತೆಯ ಔಷಧಿಗೆ, ಮಕ್ಕಳ ಫೀಸಿಗೆ ಹಣ ಎಲ್ಲಿಂದ? ಬಿಡುವ ಮೊದಲು ಸ್ವಲ್ಪ ಯೋಚಿಸೋಣ.

ಆರೈಕೆಯೂ ಕೆಲಸವೇ

ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಮನೆಗೆಲಸ ಮಾಡುವ ಗಂಡಸರು ಕೊಡುವುದು 88 ನಿಮಿಷ. ಮನೆಯವರ ಆರೈಕೆಯಲ್ಲಿ ಹೆಂಗಸರದ್ದು 137 ನಿಮಿಷ, ಗಂಡಸರದ್ದು 75. ಇದಕ್ಕೆ ಸಂಬಳವಿಲ್ಲ ನಿಜ. ಹಾಗಂತ ಇದು ಕೆಲಸವಲ್ಲ ಅನ್ನಲಿಕ್ಕಾಗುತ್ತದೆಯೇ?

ಜವಾಬ್ದಾರಿ ಯಾರದ್ದು?

2007ರ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪಾಲನೆಯ ಕಾಯಿದೆ ಗಂಡು ಮಕ್ಕಳು, ಹೆಣ್ಣು ಮಕ್ಕಳು ಇಬ್ಬರ ಮೇಲೂ ಈ ಹೊಣೆ ಹಾಕಿದೆ. ಅಂದರೆ ಅತ್ತೆಯ ಆರೈಕೆ ಸೊಸೆಯೊಬ್ಬಳ ತಲೆಗೆ ಬರುವಂಥದ್ದಲ್ಲ. ಅದು ಮೊದಲು ಅವರ ಮಗನ ಕರ್ತವ್ಯ. ಮಕ್ಕಳು ಕೈಬಿಟ್ಟರೆ ಹಿರಿಯರು ಉಪವಿಭಾಗಾಧಿಕಾರಿ (ಎ.ಸಿ.) ಅವರಿಗೆ ಅರ್ಜಿ ಕೊಡಬಹುದು.

ಎಲ್ಲಿ ಸಹಾಯ ಸಿಗುತ್ತದೆ?

* 3ರಿಂದ 6 ವರ್ಷದ ಮಕ್ಕಳಿಗೆ ಅಂಗನವಾಡಿ ಇದೆ. ಅದಕ್ಕಿಂತ ಚಿಕ್ಕವರಿಗಾಗಿ ಕರ್ನಾಟಕ ಸರ್ಕಾರ 2023ರಿಂದ ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ' ತೆರೆದಿದೆ. ನಿಮ್ಮ ಪಂಚಾಯತಿಯಲ್ಲಿ ವಿಚಾರಿಸಿ.
* 50 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದು 2017ರಲ್ಲಿ ಕಾನೂನಾಗಿದೆ. ತಾಯಿ ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಬಹುದು.
* ಹಿರಿಯರ ಸಮಸ್ಯೆಗಳಿಗೆ ಉಚಿತ ಸಹಾಯವಾಣಿ: 14567.

ಮನೆಯಲ್ಲಿ ಏನು ಮಾಡಬಹುದು?

ಒಂದು ದಿನ ನೀವು ಮಾಡಿದ ಕೆಲಸಗಳನ್ನೆಲ್ಲಾ ಗಂಟೆ ಸಮೇತ ಬರೆದಿಡಿ. ಭಾನುವಾರ ಎಲ್ಲರೂ ಕೂತಾಗ ಅದನ್ನು ಓದಿ. ಜಗಳ ಬೇಡ, "ಇದರಲ್ಲಿ ನೀವು ಯಾವುದನ್ನು ಮಾಡ್ತೀರಿ?" ಅಂತ ಕೇಳಿ. ಔಷಧಿ ಕೊಡುವುದು, ನೀರು ತುಂಬಿಸುವುದು ಗಂಡನೂ ಮಾಡಬಹುದು, ದೊಡ್ಡ ಮಗನೂ ಮಾಡಬಹುದು. ತವರಿನ ಅಣ್ಣತಮ್ಮಂದಿರು, ಅಕ್ಕತಂಗಿಯರು ಕೂಡಿ ಹಣ ಕೊಡುವವರು ಯಾರು, ಆಸ್ಪತ್ರೆಗೆ ಕರ್ಕೊಂಡು ಹೋಗುವವರು ಯಾರು ಎಂದು ಮೊದಲೇ ನಿಶ್ಚಯಿಸಿ. ಹತ್ತಿರದ ಮನೆಯ ಸದಸ್ಯೆಯರು ಒಬ್ಬರ ಮನೆಯ ಹಿರಿಯರನ್ನು ಇನ್ನೊಬ್ಬರು ಸರದಿಯಂತೆ ನೋಡಿಕೊಳ್ಳಬಹುದು.

ನೋಡಿಕೊಳ್ಳುವವಳೇ ಹಾಸಿಗೆ ಹಿಡಿದರೆ ಇಡೀ ಮನೆ ಕೂರುತ್ತದೆ. ಸಹಾಯ ಕೇಳುವುದು ನಾಚಿಕೆಯಲ್ಲ, ಸಹೋದರಿಯರೇ.

ಸಭೆಯಲ್ಲಿ ಚರ್ಚಿಸಿ:
1. ನಮ್ಮ ಮನೆಯಲ್ಲಿ ಹಿರಿಯರನ್ನು ಯಾರು ನೋಡಿಕೊಳ್ಳುತ್ತಾರೆ?
2. ಈ ತಿಂಗಳು ಯಾವ ಒಂದು ಕೆಲಸವನ್ನು ಬೇರೆಯವರಿಗೆ ವಹಿಸಬಹುದು?